ಹುಲ್ಲಿನಲ್ಲಿ ಹುಲ್ಲಾಗಲು ಕಲಿಸಿದ ಆಮೆ ಮೇಷ್ಟ್ರು

ದೂರದಿಂದ ಗುರಿಯಿಟ್ಟು ಹೊಡೆಯುವ ಸೈನಿಕರನ್ನು ತಯಾರು ಮಾಡುವ ವಿದ್ಯೆಯಲ್ಲಿ ನಮ್ಮ ಮೇಷ್ಟ್ರಿಗೆ ಸಮನಾದವರು ಇನ್ನೊಬ್ಬರಿಲ್ಲ. ಅಭಿನಂದನ ಗ್ರಂಥವೆಂದು ಸುಮ್ಮನೆ ಹೊಗಳುತ್ತಿದ್ದೇನೆ ಎನ್ನುವವರು ಒಂದು ಬೆಳಗ್ಗೆ ಅವರ ದುರ್ಬೀನಿನೆದುರು ಮಲಗಿ ನೋಡಲಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬರಲಿ. ಈಗ ನಿವೃತ್ತರಾಗುತ್ತಿರುವ ಈ ಮಹನೀಯರನ್ನು ಶಿಬಿರದಲ್ಲಿ ನಾವು, ನೆಲಕ್ಕಂಟಿ ಇಂಚಿಂಚಾಗಿ ತೆವಳುವ ಅವರ ರೀತಿ ನೋಡಿ, ಆಮೆ ಮೇಷ್ಟ್ರು ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಸ್ನೈಪರ್ ಆಗಲು ಕಣ್ಣು ಚೂಪಾಗಿದ್ದರೆ ಸಾಕೆಂದು ನಾನು ಹೋಗಿದ್ದೆ. ಅವರು ಮೊದಲಿಗೆ ಬಂದೂಕನ್ನೇ ಮುಟ್ಟಗೊಡಲಿಲ್ಲ. ಹುಲ್ಲಿನ ತುದಿ ಬಾಗುವುದನ್ನು ನೋಡಿ ಗಾಳಿಯ ವೇಗ ಹೇಳಿಸಿದರು. ಉಸಿರು ಬಿಟ್ಟ ಮೇಲೆ, ಮುಂದಿನದನ್ನು ಎಳೆಯುವ ಮೊದಲಿನ ಚೂರು ಬಿಡುವಿನಲ್ಲಿ ಮಾತ್ರ ಬೆರಳು ಒತ್ತಬೇಕೆಂದು ತಲೆಗೆ ತುಂಬಿದರು. ಮೈಗೆ ಕಟ್ಟಿಕೊಂಡ ಸೊಪ್ಪು ಬಾಡಿದರೆ ಅದೇ ನಮ್ಮನ್ನು ಹಿಡಿದುಕೊಡುತ್ತದೆಂದು ಹೇಳಿ, ತಾವೇ ಕೆಸರಿನಲ್ಲಿ ತೆವಳಿ ತೋರಿಸಿದರು.

ನನ್ನ ತೊಂದರೆ ಕಣ್ಣಲ್ಲ, ಮೂಗಿನ ತುದಿಯ ಕೋಪ. ಕೋಪ ಬಂದರೆ ನಾಡಿ ಏರುತ್ತದೆ, ನಾಡಿ ಏರಿದರೆ ಗುರಿ ಅಲುಗುತ್ತದೆ. ಅಡಗಿ ತೆವಳುವ ಪರೀಕ್ಷೆಯಲ್ಲಿ ನಾನು ಎರಡು ಸಲ ಸಿಕ್ಕಿಬಿದ್ದಾಗ ಶಿಬಿರದ ಅಧಿಕಾರಿ ಹಳೆಯ ತುಕಡಿಗೆ ಅಟ್ಟಲು ಹೊರಟರು. ಮೇಷ್ಟ್ರು ಅಡ್ಡ ನಿಂತರು.

"ಇವ್ನಿಗೆ ಕೋಪ ಇದ್ದಷ್ಟೇ ಹಠನೂ ಇದೆ ಸಾರ್. ಇನ್ನೊಂದ್ಸಲ ಬಿಡಿ. ಆಗ್ಲೂ ಸಿಕ್ಕಿಬಿದ್ರೆ ನಾನೇ ಗಂಟುಮೂಟೆ ಕಟ್ಟಿಸ್ತೀನಿ."

ಮೇಷ್ಟ್ರು ಎತ್ತರದ ಕಟ್ಟೆಯ ಮೇಲೆ ದುರ್ಬೀನು ಹಿಡಿದು ಕೂರುತ್ತಾರೆ. ಅವರ ಕಣ್ಣಿಗೆ ಬೀಳದೆ ಹತ್ತಿರ ತೆವಳಿ, ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಖಾಲಿ ತೋಟಾ ಹಾರಿಸಬೇಕು. ಆಮೇಲೆ, ಗುರಿ ನಿಜಕ್ಕೂ ಕಾಣುತ್ತಿದೆಯೆಂದು ತೋರಿಸಲು, ಅವರು ಎತ್ತಿ ಹಿಡಿದ ಫಲಕವನ್ನು ಓದಿ, ಸಮೀಪ ಬಂದ ಸಹಾಯಕನಿಗೆ ಹೇಳಿ, ಮತ್ತೊಮ್ಮೆ ಹಾರಿಸಬೇಕು. ಇದು ನಿಯಮ. ಆ ಮೂರನೆಯ ಸಲ ನನ್ನ ಮೊದಲ ತೋಟಾ ಹಾರಿತು. ಅವರಿಗೆ ಕಾಣಲಿಲ್ಲ! ಎಲ್ಲರಿಗೂ ಬರಿಯ ಅಂಕಿ ತೋರಿಸುತ್ತಿದ್ದ ಪುಣ್ಯಾತ್ಮರು ನನಗೆ ದಪ್ಪಕ್ಷರದಲ್ಲಿ ಬರೆದು ತೋರಿಸಿದ್ದು, 'ನಾನೊಬ್ಬ ಕತ್ತೆ.'

"ಏನಿದೆ, ಓದಪ್ಪ," ಎಂದ ಸಹಾಯಕ.

ರಕ್ತ ಕುದಿಯಿತು. ಒಂದು ಹುಲ್ಲುಕಡ್ಡಿ ಅಲುಗಿದರೂ ನನ್ನ ಕತೆ ಮುಗಿದಂತೆ. ಉಸಿರನ್ನು ಮೆಲ್ಲಗೆ ಬಿಟ್ಟೆ.

"ನಾನೊಬ್ಬ ಕತ್ತೆ."

"ಇನ್ನೊಂದ್ಸಲ ಹೇಳು, ಕೇಳೋಕೆ ಚೆನ್ನಾಗಿದೆ."

"ನಾನೊಬ್ಬ ಕತ್ತೆ, ನೀನು ನಮ್ಮಣ್ಣ."

ಎರಡನೆಯದನ್ನೂ ಹಾರಿಸಿದೆ. ದುರ್ಬೀನು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ನನ್ನ ಮೇಲೆಯೇ ಹಾದುಹೋಯಿತು. ಕಟ್ಟೆಯಿಂದ ಕೂಗು ಕೇಳಿತು: "ಗೆದ್ದ ಕಣ್ರೋ! ಏಯ್, ಏಳ್ಬೇಡ, ನಾನೇ ಹುಡುಕ್ತೀನಿ!"

ಓಡೋಡಿ ಬಂದವರು ಹುಡುಕಿ ಹುಡುಕಿ ಕೊನೆಗೆ ನನ್ನ ಕೈಯನ್ನೇ ತುಳಿದರು. "ಇಲ್ಲಿದ್ಯೇನೋ ಮಗನೇ!" ಎಂದು ಎಬ್ಬಿಸಿ, ಕೆಸರು ಮೆತ್ತಿದ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು.

ಇನ್ನು ಮುಂದೆ ಅವರು ಹಕ್ಕಿಗಳ ಫೋಟೊ ತೆಗೆಯುವವರಿಗೆ ಅಲುಗಾಡದೆ ಕೂರುವುದನ್ನು ಕಲಿಸುತ್ತಾರಂತೆ. ಪಾಪ, ಆ ಜನ! ಪೂಜ್ಯ ಮೇಷ್ಟ್ರ ಕಣ್ಣು ಮಂಜಾಗದಿರಲಿ, ಮೊಣಕಾಲು ಗಟ್ಟಿಯಾಗಿರಲಿ, ಅವರು ನೂರು ದಾಟಲಿ. ಈಗ ನನ್ನ ಕೈಕೆಳಗೆ ಕಲಿಯುತ್ತಿರುವವರನ್ನು ಪರೀಕ್ಷಿಸಲು ವರ್ಷವರ್ಷವೂ ಬರಲಿ, ಇಡೀ ಬಯಲನ್ನು ಜಾಲಾಡಲಿ, ಒಬ್ಬನೂ ಸಿಗದೆ ನನ್ನನ್ನು ಬಾಯ್ತುಂಬ ಬೈಯುತ್ತ ನಮ್ಮೊಡನೆ ಊಟಕ್ಕೆ ಕೂರಲಿ.