ಮಾತಿಲ್ಲದೆ ನಿಂತ ರಾಜ

ನಂಬಬೇಡಿ ನೋಡೋಣ, ತಾಕತ್ತಿದ್ದರೆ: ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯಿಂದ ಜಗಳೂರಿನವರೆಗೆ ಜನ ಹೊಟ್ಟೆ ಹಿಡಿದು ನಕ್ಕ ಹಾಸ್ಯವೆಲ್ಲ ನಾನು ಬರೆದದ್ದು. ಆ ಹಾಸ್ಯವಿದ್ದ ರಾಜನ ನಾಟಕ ಮಾತ್ರ ನನ್ನೊಬ್ಬನದಲ್ಲ. ಕಥೆ, ರಾಜನ ಮಾತು ಚನ್ನಗಿರಿಯ ನಾಟಕದ ಮಾಸ್ತರದು. ಹಾಡು ನ್ಯಾಮತಿಯ ದರ್ಜಿಯದು. ನಮ್ಮೊಳಗೆ ಒಂದು ಕಟ್ಟಳೆಯಿತ್ತು. ಯಾವ ಊರಿನವರಾದರೂ ಕೇಳದೆ ಆಡಬಹುದು. ಹೊಸದೇನಾದರೂ ಸೇರಿಸಿದರೆ ಅದನ್ನು ಉಳಿದ ಊರುಗಳಿಗೂ ಕೊಡಬೇಕು.

ಎಂಬತ್ತರ ದಶಕ ಶುರುವಾದ ಮೇಲೆ ಮಾಸ್ತರು ನಾಟಕವನ್ನು ಅಚ್ಚು ಹಾಕಿಸಲು ಹೊರಟರು. ಹಾಕಿಸಲಿ. ಆದರೆ ತಮ್ಮ ಅಪ್ಪಣೆಯಿಲ್ಲದೆ ಇನ್ನು ಯಾರೂ ಆಡಕೂಡದು ಎಂದು ಅದರಲ್ಲಿ ಬರೆಸುತ್ತಾರಂತೆ! ನನ್ನ ಒಪ್ಪಿಗೆ ಕೇಳಲು ಬಂದರು. ಮೈಯೆಲ್ಲ ಉರಿಯಿತು. ಊರೂರು ಸೇರಿ ಬೆಳೆಸಿದ್ದಕ್ಕೆ ಒಬ್ಬರು ಬೀಗ ಹಾಕುವುದೆಂದರೇನು?

"ಜಗಳೂರು ಹುಡುಗ್ರು ತಾಲೀಮು ಮಾಡಾಕೆ ಹತ್ಯಾರೆ. ಅವ್ರನ್ನೂ ತಡೀತೀರೇನ್ರೀ ಮಾಸ್ತರೇ?"

"ನನ್ನ ನಾಟ್ಕ, ನನ್ನ ಇಷ್ಟ."

"ನಿಮ್ದಾ? ಜನ ನಕ್ಕಿದ್ದು ನಿಮ್ಮ ರಾಜನ್ನ ನೋಡೇನ್ರೀ?"

"ಹಂಗಾದ್ರೆ ನಿಂದು ಕಿತ್ತು ಹಾಕ್ತೀನಿ, ಹೋಗ್!"

ದರ್ಜಿ ಆಗಲೇ ತೀರಿಕೊಂಡಿದ್ದ. ಮಾಸ್ತರು ಅವನ ಹೆಂಡತಿಯನ್ನು ಕೇಳಿದರು. ಆಕೆ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಎಲ್ರೂ ಹಾಡ್ಲಿ ಅಂತ ಕಟ್ಟಿದ್ರು. ಬ್ಯಾಡ ಅನ್ನಾಕೆ ನಾನ್ಯಾರು, ನೀವ್ಯಾರು?" ಅಂದಳಂತೆ.

ಸರಿ, ನನ್ನ ಹಾಸ್ಯ, ದರ್ಜಿಯ ಹಾಡು ಎರಡನ್ನೂ ಕೀಳಲು ಕೂತರು. ಎಲ್ಲಿಂದ ಕೀಳುವುದು? ಊರೂರಿನವರು ಬೆರೆಸಿ ಬೆರೆಸಿ ನನ್ನ ಚೇಷ್ಟೆ ರಾಜನ ಬಾಯಿಗೇ ಬಂದಿತ್ತು. ರಾಣಿ ಅಳುವ ದೃಶ್ಯ ಸಂತೇಬೆನ್ನೂರಿನವರದಾಗಿತ್ತು. ಮಾಸ್ತರೊಬ್ಬರದೇ ಎಂದು ಉಳಿದದ್ದು ರಾಜನ ಕೊನೆಯ ಭಾಷಣ ಮಾತ್ರ. ಅದನ್ನು ಆಡಕೂಡದು ಎಂದು ಜಗಳೂರಿಗೆ ಹೇಳಿಕಳಿಸಿದರು. ಅದಿಲ್ಲದೆ ನಾಟಕ ಮುಗಿಯುವುದಿಲ್ಲವೆಂಬ ಸೊಕ್ಕು.

ಸಿಟ್ಟು ಬಂದರೆ ನನ್ನ ಬುದ್ಧಿ ಇನ್ನೂ ಚುರುಕು. "ಆ ಭಾಷಣ ಬಂದಾಗ ಬಾಯಿ ಮುಚ್ಕಂಡು ನಿಲ್ಲಲೇ," ಅಂದೆ, ಜಗಳೂರಿಗೇ ಹೋಗಿ ರಾಜನ ಪಾತ್ರದವನಿಗೆ.

ಆಟದ ರಾತ್ರಿ ರಾಜ ಕತ್ತಿಯೆತ್ತಿ ತುಟಿ ಬಿಗಿದು ನಿಂತ. ಸಭೆ ಕಾಯಿತು. ಹಿಂದಿನಿಂದ ಯಾರೋ, "ಏನಲೇ, ರಾಜಂಗೆ ಹಲ್ಲುನೋವಾ?" ಎಂದು ಕೂಗಿದ. ತಡೆಯಲೆಂದೇ ಬಂದು ಮುಂದೆ ಕೂತಿದ್ದ ಮಾಸ್ತರಿಗೆ ಸಹಿಸಲಾಗಲಿಲ್ಲ. ಎದ್ದು ನಿಂತು ಇಡೀ ಭಾಷಣವನ್ನು ತಾವೇ ಗುಡುಗಿದರು! ಚಪ್ಪಾಳೆಯೋ ಚಪ್ಪಾಳೆ.

"ಅಪ್ಪಣೆ ಆತ್ರಪ್ಪೋ!" ಎಂದೆ ಪರದೆಯ ಸಂದಿಯಿಂದ. ಮಾಸ್ತರೂ ನಕ್ಕುಬಿಟ್ಟರು. ತುಂಬಿದ ಸಭೆಯಲ್ಲಿ ತಾವೇ ಆಡಿಕೊಟ್ಟದ್ದಕ್ಕೆ ಇನ್ನು ಬೀಗ ಹಾಕುವುದು ಹೇಗೆ? ಅಚ್ಚಿನ ಮಾತು ಅಲ್ಲಿಗೇ ನಿಂತಿತು. ನಾಟಕ ಹಳೆಯ ಕಟ್ಟಳೆಯಲ್ಲೇ ಉಳಿಯಿತು.

ಇದರಲ್ಲಿ ನಾನು ಕಟ್ಟಿ ಸೇರಿಸಿದ್ದು ಒಂದೇ: ಮಾಸ್ತರು ನಕ್ಕರು ಅಂದೆನಲ್ಲ, ಅದು. ನಗಲಿಲ್ಲ. ಮತ್ತೆಂದೂ ನನ್ನೊಡನೆ ಮಾತಾಡಲೂ ಇಲ್ಲ. ಬೇಡ ಬಿಡಿ, ನನ್ನ ಸಿಟ್ಟೇನು ಇಳಿದಿದೆಯೇ?