ಮಾಸ್ತರರ ಸೊಂಟನೋವು

ಚಳಿ ಬಂತೆಂದು ಮೊನ್ನೆ ಗಾಜಿಪುರದ ನಮ್ಮ ಮನೆಯ ಮಾಳಿಗೆಯ ಮೇಲೆ, ಹಳೇ ಸೀರೆ ಸೇರಿಸಿ ಹೊಲಿದ ಕೌದಿಗಳನ್ನು ಬಿಸಿಲಿಗೆ ಹಾಕಿದ್ದೆ. ಸಂಜೆ ಮಡಚುವಾಗ ಕಾದ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ಕೂತುಬಿಟ್ಟೆ. ಗಣಿತದ ಮಾಸ್ತರರು ತೀರಿಕೊಂಡ ಸುದ್ದಿ ಬಂದು ಇನ್ನೂ ವಾರವಾಗಿರಲಿಲ್ಲ…

ವರ್ಷಗಳ ಹಿಂದೆ ನಾನೂ ಮಾಸ್ತರರೂ ಕಮಲಾಪುರದ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದೆವು. ನನ್ನ ಗಂಡನಿಗೆ ಬೀದರಿನಲ್ಲಿ ನೌಕರಿ. ಬಸ್ಸಿನಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಹಾಗಾಗಿ ನಮ್ಮೂರಿನದೇ ಮೋಮಿನಪುರ ಓಣಿಯಿಂದ ಬರುತ್ತಿದ್ದ ಮಾಸ್ತರರ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಅವರ ಸವಾರಿಯೋ, ಕೇಳಬೇಡಿ! ಗುಂಡಿ, ದಿಬ್ಬ ಎಲ್ಲವೂ ಅವರಿಗೆ ಒಂದೇ. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಎಲುಬೆಲ್ಲ ಸಡಿಲಾಗಿರುತ್ತಿತ್ತು.

ಆ ವರ್ಷ ನಾನು ಬಸುರಾದೆ. ಅದಕ್ಕೂ ಮೊದಲು ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲವೂ ಎಲ್ಲಿ ಹಾಗಾಗುವುದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ರಜೆ ಸಿಗಲಿಲ್ಲ. ಮಾಸ್ತರರ ಹೆಂಡತಿಯ ಮುಂದೆ ಮಾತ್ರ ಹೇಳಿಕೊಂಡು ಅತ್ತೆ.

ಮರುದಿನ ಬೈಕಿನ ಹಿಂದಿನ ಸೀಟಿಗೆ ಮಡಚಿದ ಪುಟ್ಟ ಕೌದಿಯೊಂದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು.

“ನನಗ ಸೊಂಟ ಭಾಳ ನೋಯಾಕತ್ತದ್ರೀ ಅಕ್ಕೋರ, ಅದಕ್ಕ ಹಾಕೀನಿ,” ಎಂದರು ಮಾಸ್ತರರು, ನನ್ನ ಮುಖ ನೋಡದೆ.

ಸೊಂಟನೋವು ಅವರಿಗೆ, ಕೌದಿ ನನಗೆ! ನಗು ಬಂತು, ಕಣ್ಣೂ ತುಂಬಿತು. ಬಸಿರಿನ ಮಾತನ್ನು ಪರಗಂಡಸು ಎತ್ತಬಾರದೆಂಬ ಸಂಕೋಚ ಅವರದು. ನಾನೂ ಗಂಭೀರವಾಗಿ, “ಹೌದೇನ್ರೀ? ಜ್ವಾಕಿ ಮಾಡ್ರಿ,” ಎಂದೆ.

ಅಂದಿನಿಂದ ಅವರ ಬೈಕು ತುಂಬಿದ ಕೊಡ ಹೊತ್ತವರ ಹಾಗೆ ನಡೆಯಿತು. ಎಮ್ಮೆಗಳು ಕೂಡ ನಮ್ಮನ್ನು ಹಿಂದೆ ಹಾಕಬಹುದಿತ್ತು. ದಿಬ್ಬ ದೂರವಿರುವಾಗಲೇ “ಗಟ್ಟಿ ಹಿಡೀರಿ” ಎನ್ನುತ್ತಿದ್ದರು. ನಡುದಾರಿಯಲ್ಲಿ ಮಹಾಗಾಂವ ಬಂದರೆ ಸಾಕು, “ಇಂಜಿನ್ ಕಾದದ, ಜರಾ ಆರ್ಲಿ” ಎಂದು ಬೇವಿನ ನೆರಳಿಗೆ ನಿಲ್ಲಿಸಿ, ನಾನು ಕಾಲಾಡಿಸಿ ಬರುವವರೆಗೆ ಸುಮ್ಮನೆ ಇಂಜಿನ್ನಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. “ಏನ್ರೀ ಮಾಸ್ತರ, ಮೆರವಣಿಗಿ ಈಗ ಬಂತೇನು?” ಎಂದು ಶಾಲೆಯಲ್ಲಿ ಎಲ್ಲರೂ ಕಾಡುತ್ತಿದ್ದರು. ಅವರು ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಡುತ್ತಿದ್ದರು.

ಮಗಳು ಹುಟ್ಟಿದಳು. ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಮಾಸ್ತರರಿಗೆ ದೂರದ ಊರಿಗೆ ವರ್ಗವಾಗಿತ್ತು. ಆಮೇಲೆ ಎಂದೋ ಒಮ್ಮೆ ಫೋನು, ಹಬ್ಬಕ್ಕೊಂದು ಮಾತು… ಅಷ್ಟೇ.

ನಿನ್ನೆ ಮಗಳನ್ನು ಕರೆದುಕೊಂಡು ಮೋಮಿನಪುರದ ಅವರ ಮನೆಗೆ ಹೋಗಿದ್ದೆ. ಮಾಸ್ತರರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಮಗಳನ್ನೇ ಬಹಳ ಹೊತ್ತು ನೋಡಿದರು.

“ಇಕೀನೇ ಏನು?” ಎಂದು ಕೇಳಿ, ಅವಳ ತಲೆ ಸವರಿದರು. “ಆವಾಗ ಇವರು ದಿನಾ ಸಂಜಿಕ ಬಂದು, ನೀರು ಕುಡಿಯೂಕಿಂತ ಮೊದಲು ಒಂದೇ ಮಾತು ಹೇಳ್ತಿದ್ರು ಬೇಟಿ. ‘ಇಬ್ಬರನ್ನೂ ಸುಖರೂಪ ಮನಿ ಮುಟ್ಟಿಸಿ ಬಂದೀನಿ’ ಅಂತ.”

ಇಬ್ಬರನ್ನೂ… ಉಳಿಯುತ್ತದೆಂದು ನಂಬಲು ನಾನೇ ಹೆದರುತ್ತಿದ್ದ ಜೀವವನ್ನು ಅವರು ಆಗಲೇ ಲೆಕ್ಕಕ್ಕೆ ಹಿಡಿದಿದ್ದರು. ಮಗಳ ಭುಜ ಹಿಡಿದು ಅಲ್ಲೇ ಅತ್ತೆ. ಮಾಸ್ತರರು ಇರುವಾಗಲೇ ಅವಳನ್ನು ಒಮ್ಮೆ ಅವರ ಮುಂದೆ ನಿಲ್ಲಿಸಬೇಕಿತ್ತು.