ಎಂಜಿನ್ನಿನೊಳಗಿನ ವಿಭೂತಿ

ಆಯುಧಪೂಜೆಯ ಈ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಸ್ಕೂಟರಿನ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆ ವಾಸನೆ ಗೋಡೆ ಹಾರಿ ಬಂತು ನೋಡಿ, ವಿಭೂತಿ ಗಟ್ಟಿ ನನ್ನ ಕೈಯಲ್ಲೇ ನಿಂತುಬಿಟ್ಟಿತು.

ಎಪ್ಪತ್ತರ ದಶಕದ ಕೊನೆ. ನಾವಾಗ ಐಮಂಗಲದಲ್ಲಿದ್ದೆವು. ಮೈದುನ ರುದ್ರೇಶನಿಗೆ ಹಾರುವ ಹುಚ್ಚು. ಪೈಪು, ಬಟ್ಟೆ, ಹಳೇ ಮೋಟಾರ್ ಸೈಕಲ್ಲಿನ ಎಂಜಿನ್ ಕೂಡಿಸಿ ಒಬ್ಬರು ಕೂರುವಷ್ಟು ವಿಮಾನ ಕಟ್ಟಿದ್ದ. ಅದನ್ನು ವಿಮಾನ ಎನ್ನುತ್ತಿದ್ದವನು ಅವನೊಬ್ಬನೇ. ಊರಿಗೆ ಅದು ರೆಕ್ಕೆ ಕಟ್ಟಿದ ಮಂಚ. ನಾನೋ, ಚಿತ್ರದುರ್ಗದ ಬಸ್ಸು ಇಳಿಜಾರಿಗೆ ಬಂದರೆ ಕಣ್ಣು ಮುಚ್ಚುವವಳು.

ಹಾರುವ ಹಿಂದಿನ ದಿನ ಎಂಜಿನ್ ಪೂರ್ತಿ ಬಿಚ್ಚಿ ತೊಳೆದ. ಬಿಚ್ಚಿದ ಕ್ರಮದಲ್ಲೇ ನನ್ನ ಹಳೇ ಸೀರೆಯ ಮೇಲೆ ಹಪ್ಪಳದಂತೆ ಹರವಿದ; ಕೂಡಿಸುವಾಗ ಕೊನೆಯಿಂದ ಬರಬೇಕಂತೆ. ಅಂದೂ ಆಯುಧಪೂಜೆ. ಅವನು ಊಟಕ್ಕೆ ಕೂತಾಗ ನಮ್ಮತ್ತೆ ನೆನೆಸಿದ ವಿಭೂತಿಯನ್ನು ಒಂದೊಂದಕ್ಕೂ ಎಳೆದರು. ಕುಡುಗೋಲನ್ನೂ ಬಿಡದವರು ಇದನ್ನು ಬಿಡುತ್ತಾರೆಯೇ? ಅವನು ತಾಯಿಗೆ ನೋವಾಗದಂತೆ ಮೆಲ್ಲಗೆ ಒರೆಸಿ ಕೂಡಿಸಿದ.

ಮರುದಿನ ಬೀಳು ಹೊಲದಲ್ಲಿ ಎಂಜಿನ್ ಗುಡುಗುತ್ತಿತ್ತು. ಅತ್ತೆ ಹೆಮ್ಮೆಯಿಂದ ನನ್ನ ಕಿವಿಯ ಬಳಿ ಬಾಗಿದರು.

"ಸಣ್ಣ ತೂತಿಗೂ ಬೆರಳ ತುದೀಲಿ ಇಟ್ಟೀನಿ ಕಣವ್ವ. ಒಂದೂ ಬಿಟ್ಟಿಲ್ಲ."

ವಿಭೂತಿಯೇ ಮಗನನ್ನು ಕೆಡವೀತು ಎಂದು ಈ ತಾಯಿಗೆ ಹೇಗೆ ಹೇಳುವುದು? ಹೇಳದಿದ್ದರೆ? ಸೆರಗು ಬಿಗಿದು ಓಡಿದೆ.

"ರುದ್ರೇಶ, ಇಳಿ. ಮತ್ತೆ ಬಿಚ್ಚು."

"ಗಡಿಯಾರದಂಗೆ ಓಡ್ತೈತಲ್ಲ ಅತ್ಗೆ."

"ನೆಲದ ಮ್ಯಾಲೆ ಓಡ್ತೈತೆ."

ಗೊಣಗುತ್ತಲೇ ಇಳಿದು ಬಿಚ್ಚಿದ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಾಯಲ್ಲಿ ಬಿಳಿ ಮುದ್ದೆ, ಅರ್ಧ ತೂತು ಮುಚ್ಚಿ ಕೂತಿತ್ತು. ಮೇಲೆ ಹೋದಮೇಲೆ ಪೂರ್ತಿ ಕಟ್ಟಿಕೊಂಡಿದ್ದರೆ? ಅತ್ತೆ ಅದನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಸೀಮೆಎಣ್ಣೆ ಬೋಗುಣಿಯನ್ನು ತಮ್ಮ ಮುಂದೆ ಎಳೆದುಕೊಂಡರು.

"ಎಲ್ಲಾನೂ ಬಿಚ್ಚೋ. ಎಲ್ಲೆಲ್ಲಿ ಹಚ್ಚೀನಿ ಅಂತ ನಂಗೇ ಗೊತ್ತಿರಾದು."

ಸಂಜೆ ಗಾಳಿ ತಗ್ಗಿದ ಮೇಲೆ ಅವನು ಜೋಳದ ಹೊಲದ ಮೇಲೆ ತೆಂಗಿನ ಮರದೆತ್ತರಕ್ಕೆ ಹಾರಿದ. ಅತ್ತೆ ತಲೆಯೆತ್ತಲಿಲ್ಲ, ನನ್ನ ಮಣಿಕಟ್ಟು ಹಿಡಿದು ಸದ್ದನ್ನಷ್ಟೇ ಕೇಳುತ್ತಿದ್ದರು. ಅದು ದೂರ ಹೋಯಿತು, ತಿರುಗಿತು, ಹತ್ತಿರ ಬಂತು. ತಟ್ಟನೆ ನಿಂತಿತು.

"ಏನಾತೆ?" ಅವರ ಉಗುರು ನನ್ನ ಕೈಗೆ ನಾಟಿತ್ತು.

"ಇಳಿದವ್ನೆ ಅತ್ತೆ. ಅವನೇ ನಿಲ್ಸಿದಾನೆ."

ಈಗ ಪಕ್ಕದ ಮನೆಯ ಹುಡುಗ ಸ್ಕೂಟರ್ ಕೂಡಿಸಿ ಕರೆದ, "ಮೂರೆಳೆ ಎಳೀರಿ ಅಮ್ಮ, ಎಂಜಿನ್ನಿಗೂ." ಸ್ಕೂಟರಿನ ಎದುರು ದೀಪಕ್ಕೆ ಮಾತ್ರ ಎಳೆದೆ. ಆಮೇಲೆ ನೆಲಕ್ಕೆ ಕೂತು, ಅತ್ತೆಯಂತೆಯೇ ಬೋಗುಣಿಯನ್ನು ಎಳೆದುಕೊಂಡು ಕೇಳಿದೆ, "ಸಣ್ಣ ತೂತು ತೊಳೆದೀಯೇನಪ್ಪ?"